ಮುಂಬೈ, ಹೈದರಾಬಾದ್ ಎರಡು ರೆಡಿಸ್ ಕ್ಲಸ್ಟರ್: ಕ್ಯಾಶ್ ಹೊಂದಿಸೋದು ಹೇಗೆ?

ಮಲ್ನಾಡ್_ಬ್ಯಾಕೆಂಡ್:
ನಮ್ಮ ಆ್ಯಪ್ ಮುಂಬೈ, ಹೈದರಾಬಾದ್ ಎರಡೂ ಕಡೆ ಓಡುತ್ತದೆ. ಒಂದೊಂದು ಕಡೆ ಒಂದೊಂದು ರೆಡಿಸ್ ಕ್ಲಸ್ಟರ್, ಅಂದರೆ ಡೇಟಾಬೇಸ್‌ನಿಂದ (ಡಿಬಿ) ಓದಿದ್ದರ ಪ್ರತಿಯನ್ನು ಬೇಗ ಸಿಗಲಿ ಅಂತ ಮೆಮೊರಿಯಲ್ಲಿ ಇಡುವ ಕ್ಯಾಶ್. ಮೈಎಸ್‌ಕ್ಯೂಎಲ್ ಡಿಬಿಯ ಪ್ರೈಮರಿ ಮುಂಬೈಯಲ್ಲಿ, ಅದರ ನಕಲು (ರೆಪ್ಲಿಕಾ) ಹೈದರಾಬಾದ್‌ನಲ್ಲಿ. ಮುಂಬೈಯಲ್ಲಿ ಬೆಲೆ ಬದಲಾದರೂ ಆ ಕಡೆ ಟಿಟಿಎಲ್ (ಕ್ಯಾಶ್‌ನಲ್ಲಿ ಇಟ್ಟದ್ದರ ಅವಧಿ) ಮುಗಿಯುವವರೆಗೆ ಹಳೇ ಬೆಲೆಯೇ ಕಾಣಿಸುತ್ತದೆ. ಒಂದು ರೆಡಿಸನ್ನು ಇನ್ನೊಂದರ ನಕಲು ಮಾಡುವ ರೆಪ್ಲಿಕಾಆಫ್ ಕಮಾಂಡ್ ಕೊಟ್ಟರೆ ಕ್ಲಸ್ಟರ್ ಮೋಡ್‌ನಲ್ಲಿ ಆಗಲ್ಲ ಅಂತ ಎರರ್. ಕೀ ಬದಲಾದಾಗ ರೆಡಿಸ್ ಕೊಡುವ ಕೀಸ್ಪೇಸ್ ನೋಟಿಫಿಕೇಶನ್ ಹಿಡಿದು ಆ ಕಡೆ ಬರೆಯೋಣವೇ? ಲಾಗಿನ್ ಸೆಷನ್‌ಗಳೂ ಅದೇ ರೆಡಿಸ್‌ನಲ್ಲಿವೆ.

ಸುಮ್ನೆ_ಕೋಡರ್:
ನೋಟಿಫಿಕೇಶನ್ ಬೇಡ ಗುರು. ಅದು ಪಬ್‌ಸಬ್, ಆ ಹೊತ್ತಿಗೆ ಕೇಳುತ್ತಿರುವವರಿಗೆ ಮಾತ್ರ ಮೆಸೇಜ್, ಕ್ಲೈಂಟ್ ಒಂದು ಕ್ಷಣ ಕಟ್ ಆದರೂ ಆ ಹೊತ್ತಿನ ಮೆಸೇಜ್ ಹೋಯಿತು ಅಂತಲೇ ಲೆಕ್ಕ. ಮೇಲಾಗಿ ಕ್ಲಸ್ಟರ್‌ನ ಒಂದೊಂದು ನೋಡ್ (ಸರ್ವರ್) ತನ್ನ ಕೀಗಳ ಸುದ್ದಿ ಮಾತ್ರ ಹೇಳುತ್ತದೆ. ಬೆಲೆ ಹೇಗೂ ಡಿಬಿಯಲ್ಲಿದೆ ಅಲ್ವಾ? ಆ ಕಡೆ ಕೀ ಡಿಲೀಟ್ ಮಾಡಿಸಿ, ಸಾಕು.

ಬಿನ್‌ಲಾಗ್_ಭಟ್ಟ:
ಡಿಲೀಟ್ ಸರಿ, ಎಲ್ಲಿಂದ ಕಳಿಸುತ್ತೀರಿ ಅನ್ನೋದೇ ಮುಖ್ಯ. ಮುಂಬೈ ಆ್ಯಪ್‌ನಿಂದ ನೇರ ಕಳಿಸಿದರೆ ಡಿಲೀಟ್ ಮೊದಲು ತಲುಪಿ, ರೆಪ್ಲಿಕಾ ಇನ್ನೂ ಹಿಂದೆ ಇರಬಹುದು, ಆಗ ಯಾರಾದರೂ ಪೇಜ್ ತೆರೆದರೆ ಹಳೇ ಬೆಲೆಯೇ (499 ರೂಪಾಯಿ ಅಂದುಕೊಳ್ಳಿ) ಮತ್ತೆ ಕ್ಯಾಶ್‌ಗೆ ಬಂದು ಕೂರುತ್ತದೆ. ಫೇಸ್‌ಬುಕ್‌ನವರ 2013ರ ಮೆಮ್‌ಕ್ಯಾಶ್ (ಅದೂ ರೆಡಿಸ್ ತರಹದ ಕ್ಯಾಶ್) ಪೇಪರ್ ಓದಿ. ಅಲ್ಲಿ ಪ್ರತಿ ಡಿಬಿ ಸರ್ವರ್ ಮೇಲೂ ಒಂದು ಡೀಮನ್ (ಹಿನ್ನೆಲೆ ಪ್ರೋಗ್ರಾಂ) ಕಮಿಟ್ ಲಾಗ್, ಅಂದರೆ ಡಿಬಿಯಲ್ಲಾದ ಬದಲಾವಣೆಗಳ ದಾಖಲೆ ಓದಿ, ಆ ರೀಜನ್‌ನ (ಊರಿನ ಸರ್ವರ್ ಗುಂಪಿನ) ಕ್ಯಾಶ್‌ಗೆ ಡಿಲೀಟ್ ಕಳಿಸುತ್ತದೆ. ನೀವೂ ಇಂಥ ಲಾಗ್ ಓದುವ ಡೆಬೀಜಿಯಂ ಹಾಕಿ ಹೈದರಾಬಾದ್ ರೆಪ್ಲಿಕಾದ ಬಿನ್‌ಲಾಗನ್ನೇ (ಮೈಎಸ್‌ಕ್ಯೂಎಲ್‌ನ ಬದಲಾವಣೆ ಲಾಗ್) ಓದಿ, ಮುಂಬೈಯದನ್ನಲ್ಲ. ಆದರೂ ಸಣ್ಣ ಸಂದು ಉಳಿಯುತ್ತದೆ: ಡಿಲೀಟ್‌ಗೆ ಮುಂಚೆ ಹಳೇದನ್ನು ಓದಿಕೊಂಡ ರಿಕ್ವೆಸ್ಟ್ ಆಮೇಲೆ ಬರೆಯಬಹುದು. ಅದಕ್ಕೇ ಟಿಟಿಎಲ್ ತೆಗೆಯಬೇಡಿ.

ಮಲ್ನಾಡ್_ಬ್ಯಾಕೆಂಡ್:
ಹಬ್ಬದ ಸೇಲ್‌ನಲ್ಲಿ ಸಾವಿರಾರು ಬೆಲೆ ಒಟ್ಟಿಗೆ ಬದಲಾಗುತ್ತವೆ. ಅಷ್ಟೂ ಮಿಸ್ (ಕ್ಯಾಶ್‌ನಲ್ಲಿ ಸಿಗದೆ ಡಿಬಿಗೆ ಹೋಗುವ ಓದು) ರೆಪ್ಲಿಕಾ ಮೇಲೆ ಬೀಳಲ್ವಾ?

ರಾತ್ರಿಪಾಳಿ:
ಬೀಳುತ್ತದೆ. ತಡೆಯಲ್ಲ ಅನಿಸಿದರೆ ನೆಟ್‌ಫ್ಲಿಕ್ಸ್‌ನ ಕ್ಯಾಶ್ ಆದ ಇವಿಕ್ಯಾಶ್ ದಾರಿ ನೋಡಿ. ಕಾಫ್ಕಾಗೆ (ಮೆಸೇಜ್‌ಗಳ ಕ್ಯೂ) ಕೀ, ಟಿಟಿಎಲ್ ಇಂಥ ವಿವರ ಮಾತ್ರ ಹಾಕುತ್ತಾರೆ. ಸಾಗಿಸುವ ಹೊತ್ತಿಗೆ ಲೋಕಲ್ ಕ್ಯಾಶ್‌ನಲ್ಲಿ ಇರುವ ವ್ಯಾಲ್ಯೂ ಓದಿ ಇನ್ನೊಂದು ರೀಜನ್‌ಗೆ ಕಳಿಸುತ್ತಾರೆ, ಹಾಗಾಗಿ ಕ್ಯೂ ತಡವಾದರೂ ಹೋಗೋದು ಹೊಸದೇ.

ಸೆಷನ್ ಮಾತ್ರ ಇದರಲ್ಲಿ ಸೇರಿಸಬೇಡಿ. ಅದು ಕ್ಯಾಶೇ ಅಲ್ಲ, ಕಳೆದುಹೋದರೆ ತಿರುಗಿ ತರೋಕೆ ಹಿಂದೆ ಏನೂ ಇಲ್ಲ. ಡಿಬಿಗೆ ಹಾಕಿ, ಇಲ್ಲವೇ ಒಬ್ಬ ಯೂಸರ್ ಒಂದೇ ರೀಜನ್‌ಗೆ ಹೋಗುವ ಹಾಗೆ ಮಾಡಿ.

ಮಲ್ನಾಡ್_ಬ್ಯಾಕೆಂಡ್:
ಸರಿ, ಸೆಷನ್ ಡಿಬಿಗೆ. ಬಿನ್‌ಲಾಗ್‌ನಲ್ಲಿ ಬರೋದು ಟೇಬಲ್ ಸಾಲು, ಅದರಿಂದ ರೆಡಿಸ್ ಕೀ ಗೊತ್ತಾಗೋದು ಹೇಗೆ?

ಬಿನ್‌ಲಾಗ್_ಭಟ್ಟ:
ಕೀ ಹೆಸರಲ್ಲೇ ಪ್ರೈಮರಿ ಕೀ ಇಡಿ, ಬೆಲೆ:8841 ತರಹ. ನಾಲ್ಕು ಟೇಬಲ್ ಜಾಯಿನ್ ಮಾಡಿ ಕ್ಯಾಶ್ ಮಾಡಿದ್ದರೆ ಕಷ್ಟ. ಫೇಸ್‌ಬುಕ್‌ನವರು ಯಾವ ಕೀ ಅಳಿಸಬೇಕು ಅನ್ನೋದನ್ನು ಎಸ್‌ಕ್ಯೂಎಲ್ ಜೊತೆಗೇ ಸೇರಿಸಿ ಕಳಿಸುತ್ತಿದ್ದರು.