ನಾಪೋಕ್ಲಿನ ಮಳೆಗೂ ಸ್ಪಿತಿಯ ಹಿಮಕ್ಕೂ ಒಂದೇ ಟೈರ್ ಸಾಕಾ?

ನಾಪೋಕ್ಲು ಜಿಮ್ನಿ:

ಎಲ್ಲರಿಗೂ ನಮಸ್ಕಾರ. ನನ್ನದು 2023ರ ಮಾರುತಿ ಜಿಮ್ನಿ, ಫೋರ್ ವೀಲ್ ಗಾಡಿ. ಗಾಡಿ ಜೊತೆ ಬಂದ ಟೈರ್ ಸವೆದು ಬೋಳಾಗುತ್ತಾ ಬಂದಿದೆ. ಸೈಜ್ 195/80 ಆರ್15. ಮಳೆಗಾಲ ಹಿಡಿಯುವ ಮೊದಲು ಹೊಸದು ಹಾಕಿಸಬೇಕು.

ನನ್ನ ಓಡಾಟ ಹೀಗಿದೆ. ದಿನಾ ನಾಪೋಕ್ಲಿನಿಂದ ಮೂರ್ನಾಡು ಮೇಲೆ ಮಡಿಕೇರಿಗೆ, ಬ್ಯಾಂಕ್ ಕೆಲಸಕ್ಕೆ. ಸಂಜೆ ಅದೇ ದಾರಿಯಲ್ಲಿ ವಾಪಸ್. ಮನೆ ಗೇಟಿನಿಂದ ಒಳಗೆ ತೋಟದ ದಾರಿ. ಮೊದಲು ಕಾಂಕ್ರೀಟ್, ಆಮೇಲೆ ಕೆಂಪು ಮಣ್ಣು, ಕೊನೆಗೆ ಗದ್ದೆ ಪಕ್ಕದಲ್ಲಿ ಒಂದು ಏರು. ಜುಲೈ ತಿಂಗಳಲ್ಲಿ ಆ ಏರಿನಲ್ಲಿ ಗಾಡಿ ಸೀದಾ ಹೋಗುವುದೇ ಇಲ್ಲ, ಅಡ್ಡ ತಿರುಗಿ ನಿಲ್ಲುತ್ತದೆ. ಕಾಫಿ ಕುಯ್ಲಿನ ಸಮಯದಲ್ಲಿ ಹಿಂದಿನ ಸೀಟು ಮಡಚಿ ಕಣಕ್ಕೆ ಚೀಲ ಸಾಗಿಸುವುದೂ ಇದೆ. ರಜೆ ಸಿಕ್ಕರೆ ತಮ್ಮನ ಜೊತೆ ಯಾವುದಾದರೂ ಬೆಟ್ಟದ ದಾರಿ. ಅದು ಅಪರೂಪ.

ಇಷ್ಟೇ ಆಗಿದ್ದರೆ ಕೇಳುತ್ತಿರಲಿಲ್ಲ. ಬರುವ ಫೆಬ್ರವರಿಯಲ್ಲಿ ಶಿಮ್ಲಾ, ಕಿನ್ನೌರ್ ಮೇಲೆ ಹಿಮಾಚಲದ ಸ್ಪಿತಿಗೆ ಹೋಗುವ ಯೋಚನೆ ಇದೆ. ಇದೇ ಗಾಡಿಯಲ್ಲಿ. ಹಿಮದ ಮೇಲೆ ಗಾಡಿ ಓಡಿಸಿ ನನಗೆ ಅಭ್ಯಾಸವಿಲ್ಲ.

ಒಬ್ಬರು ಎಂಟಿ (ಕೆಸರಿನ ಟೈರ್) ಹಾಕಿಸಿ ಅನ್ನುತ್ತಾರೆ. ಇನ್ನೊಬ್ಬರು ಎಟಿ (ಎಲ್ಲ ಥರದ ದಾರಿಯ ಟೈರ್) ಸಾಕು, ಆದರೆ ಇನ್ನೂ ಅಗಲದ 215/75 ಸೈಜಿಗೆ ಹೋಗಿ ಅನ್ನುತ್ತಾರೆ. ಮೂರನೆಯವರು ಕಂಪನಿ ಟೈರೇ ಸಾಕು, ಸುಮ್ನೆ ದುಡ್ಡು ದಂಡ ಅನ್ನುತ್ತಾರೆ. ಗಾಡಿ ನೋಡೋಕೆ ಗತ್ತಾಗಿ ಇರಬೇಕು ಅನ್ನುವ ಆಸೆ ನನಗಿಲ್ಲ. ತಮ್ಮನಿಗಿದೆ. ಏನು ಮಾಡಲಿ?

ಟೈರ್ ಅಂಗಡಿ, ಕುಶಾಲನಗರ:

ಮೇಡಂ, ಎಚ್‌ಟಿ ಅಂದರೆ ಟಾರ್ ರೋಡಿನದು. ಎಂಟಿ ಕೆಸರಿಗೆ. ಎಟಿ ಇವೆರಡರ ನಡುವಿನದು. ನಿಮ್ಮ ಓಡಾಟಕ್ಕೆ ಎಟಿ ಸರಿ, ಅದರಲ್ಲಿ ಅನುಮಾನ ಬೇಡ.

ಸೈಜ್ ವಿಷಯಕ್ಕೆ ಬರುತ್ತೇನೆ. 215/75 ಆರ್15 ಬೊಲೆರೊ ಸೈಜು. ಅದಕ್ಕೇ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ, ಆಯ್ಕೆಯೂ ಜಾಸ್ತಿ. ಆದರೆ ಲೆಕ್ಕ ನೋಡಿ. ನಿಮ್ಮ ಈಗಿನ ಟೈರಿನ ಎತ್ತರ 693 ಮಿ.ಮೀ., 215/75ರದ್ದು ಸುಮಾರು 703. ಹತ್ತು ಮಿ.ಮೀ. ವ್ಯತ್ಯಾಸದಲ್ಲಿ ಗಾಡಿ ನೆಲದಿಂದ ಮೇಲೇಳುವುದು ಅದರ ಅರ್ಧ, ಅಂದರೆ ಅರ್ಧ ಸೆಂಟಿಮೀಟರ್. ಮೀಟರ್ 60 ತೋರಿಸುವಾಗ ನೀವು 61ರಲ್ಲಿ ಇರುತ್ತೀರಿ. ಅದು ದೊಡ್ಡ ವಿಷಯ ಅಲ್ಲ. ತೂಕ ಜಾಸ್ತಿ ಆಗಿ ಮೈಲೇಜ್ ಇಳಿಯುವುದು, ಸ್ಟೇರಿಂಗ್ ಸ್ವಲ್ಪ ಭಾರ ಆಗುವುದು ನಿಮಗೆ ಗೊತ್ತಾಗುತ್ತದೆ. ಕಂಪನಿ ಹೇಳದ ಸೈಜ್ ಹಾಕಿದರೆ ಇನ್ಶೂರೆನ್ಸ್‌ನವರು ತಕರಾರು ತೆಗೆಯುವ ಸಾಧ್ಯತೆಯೂ ಇದೆ.

ನಿಮ್ಮ ಟೈರಿನ ಮೇಲೆ 96ಎಸ್ ಅಂತ ಇರುತ್ತದೆ. 96 ಅಂದರೆ ಒಂದು ಟೈರ್ 710 ಕಿಲೋ ಹೊರುತ್ತದೆ ಅಂತ. ಹೊಸದರಲ್ಲಿ ಇದಕ್ಕಿಂತ ಕಡಿಮೆ ನಂಬರ್ ಇದ್ದರೆ ಬೇಡ ಅನ್ನಿ. ತಯಾರಾದ ದಿನಾಂಕವನ್ನೂ ನೋಡಿ. ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ. 2324 ಅಂತಿದ್ದರೆ 2024ರ 23ನೇ ವಾರದ್ದು. ಎರಡು ಮೂರು ವರ್ಷ ಗೋಡೌನಲ್ಲಿ ಕೂತ ಟೈರನ್ನು ಹೊಸದರ ರೇಟಿಗೆ ತಗೊಳ್ಳಬೇಡಿ. ಅಂಗಡಿಯವನಾಗಿ ನಾನೇ ಹೇಳುತ್ತಿದ್ದೇನೆ.

ಥಾರ್ ಹುಡುಗ, ಗೋಣಿಕೊಪ್ಪ:

ಎಂಟಿ ಹಾಕಿಸಿ ಅಕ್ಕ, ಬೇರೆ ಮಾತೇ ಇಲ್ಲ. ನಮ್ಮ ತೋಟದ ಕೆಸರಲ್ಲಿ ಎಟಿ ಎಲ್ಲ ಎರಡು ಸುತ್ತಿಗೇ ತುಂಬಿಕೊಂಡು ಸುಮ್ಮನಾಗುತ್ತದೆ. ಎಂಟಿ ಅಗೆದುಕೊಂಡು ಹೋಗುತ್ತದೆ. ಶಬ್ದ ಬರುತ್ತೆ, ಹೌದು. ಹಾಡು ಜೋರಾಗಿ ಹಾಕಿ.

ಹಳೇ ಜೀಪು, ಮಾದಾಪುರ:

ಗೋಣಿಕೊಪ್ಪದ ತಮ್ಮ ಹೇಳಿದ್ದು ಕೆಸರಿನ ಮಟ್ಟಿಗೆ ನಿಜ. ನಮ್ಮ ಅಂಟು ಮಣ್ಣು ಸಣ್ಣ ಬಟನಿನ (ಟೈರ್ ಮೇಲಿನ ರಬ್ಬರ್ ಉಬ್ಬು) ಟೈರಿಗೆ ಮೆತ್ತಿಕೊಂಡರೆ ಟೈರು ಕಡಂಬುಟ್ಟಿನ (ಅಕ್ಕಿ ಉಂಡೆ) ಹಾಗೆ ನುಣ್ಣಗಾಗುತ್ತದೆ. ಬಟನ್ ದೊಡ್ಡದಿದ್ದು ನಡುವೆ ಜಾಗ ಜಾಸ್ತಿ ಇದ್ದರೆ ಚಕ್ರ ತಿರುಗುವಾಗಲೇ ಮಣ್ಣು ಹಾರಿಹೋಗುತ್ತದೆ. ಆದರೆ ಈ ಅಕ್ಕ ಕೆಸರಲ್ಲಿ ಓಡಿಸುವುದು ದಿನಕ್ಕೆ ಎಷ್ಟು ದೂರ? ಗೇಟಿನಿಂದ ಮನೆಗೆ. ಮಿಕ್ಕಿದ್ದೆಲ್ಲ ಒದ್ದೆ ಟಾರ್ ರೋಡು.

ಕೊಡಗಿನಲ್ಲಿ ಟೈರ್ ಆರಿಸುವವರು ಮೊದಲು ನೋಡಬೇಕಾದದ್ದು ಕೆಸರಲ್ಲ, ಒದ್ದೆ ಟಾರಿನ ಮೇಲಿನ ಬ್ರೇಕು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಬೀಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರೋಡು ಒಣಗುವುದೇ ಇಲ್ಲ. ಬಟನ್ ನಡುವೆ ಜಾಗ ಜಾಸ್ತಿ ಆದಷ್ಟೂ ರೋಡಿಗೆ ತಾಗುವ ರಬ್ಬರ್ ಕಡಿಮೆ. ಕಲ್ಲಿಗೆ ತಾಳಿಕೊಳ್ಳಲಿ ಅಂತ ಎಂಟಿಯ ರಬ್ಬರ್ ಕೂಡ ಸಾಮಾನ್ಯವಾಗಿ ಗಟ್ಟಿ. ಎರಡೂ ಸೇರಿ ಒದ್ದೆ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಗಾಡಿ ನಿಲ್ಲುವ ಹೊತ್ತಿಗೆ ಎದುರಿನ ಬಸ್ಸು ತೀರಾ ಹತ್ತಿರ ಬಂದಿರುತ್ತದೆ. ಫೋರ್ ವೀಲ್ ಇದೆಯಲ್ಲ ಅನ್ನುವವರಿಗೆ ಒಂದು ಮಾತು. ಅದು ಗಾಡಿಯನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ.

ಎಟಿಯಲ್ಲೂ ಎರಡು ಜಾತಿ ಇದೆ. ಒಂದು ಹೆಚ್ಚುಕಡಿಮೆ ಎಂಟಿ ಥರ ಒರಟು. ಇನ್ನೊಂದು ಸೌಮ್ಯ. ಬಟನ್ ಹತ್ತಿರ ಹತ್ತಿರ ಇರುತ್ತದೆ, ಪ್ರತಿ ಬಟನ್ ಮೇಲೂ ಬ್ಲೇಡಲ್ಲಿ ಎಳೆದಂಥ ಸಣ್ಣ ಗೀರುಗಳಿರುತ್ತವೆ. ಆ ಗೀರು ಚೆಂದಕ್ಕಲ್ಲ. ಒದ್ದೆಯಲ್ಲೂ ಹಿಮದಲ್ಲೂ ಹಿಡಿತ ಕೊಡುವುದೇ ಅದರ ಅಂಚುಗಳು. ಈ ಎರಡನೇ ಜಾತಿ ತಗೊಳ್ಳಿ.

ಇನ್ನು ಆ ಕಾಂಕ್ರೀಟ್ ದಾರಿ. ಸಿಲ್ವರ್ ಮರದ ನೆರಳಲ್ಲಿದ್ದರೆ ಆಗಸ್ಟ್ ಹೊತ್ತಿಗೆ ಹಸಿರು ಪಾಚಿ ಕಟ್ಟಿರುತ್ತದೆ, ಅಲ್ವಾ? ಅದಕ್ಕೆ ಯಾವ ಕಂಪನಿಯ ಯಾವ ಟೈರೂ ಇಲ್ಲ. ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಪೊರಕೆಯಲ್ಲಿ ತಿಕ್ಕಿಸಿ. ಗದ್ದೆ ಪಕ್ಕದ ಏರಿಗೂ ಟೈರ್ ಔಷಧಿ ಅಲ್ಲ. ನೀರು ದಾರಿಯಲ್ಲೇ ಇಳಿಯುತ್ತಿರಬೇಕು, ಅದಕ್ಕೇ ಗಾಡಿ ಅಡ್ಡ ಹೋಗುತ್ತಿದೆ. ಮೇಲಿನಿಂದ ಎರಡು ಕಡೆ ಅಡ್ಡ ಚರಂಡಿ ತೆಗೆಸಿ, ಚಕ್ರ ಹೋಗುವ ಜಾಗಕ್ಕೆ ಜಲ್ಲಿ ಹಾಕಿಸಿ. ಒಂದು ಟ್ರ್ಯಾಕ್ಟರ್ ಲೋಡ್ ಜಲ್ಲಿ ಮಾಡುವ ಕೆಲಸವನ್ನು ಐದು ಟೈರ್ ಮಾಡುವುದಿಲ್ಲ.

ಅಷ್ಟಾದ ಮೇಲೂ ಜಾರಿದರೆ ಗಾಳಿ ಇಳಿಸಿ. ಬಾಗಿಲ ಪಕ್ಕದ ಸ್ಟಿಕರಿನಲ್ಲಿ ಬರೆದಿರುವುದು ರೋಡಿನ ಲೆಕ್ಕ. ಕೆಸರು, ಕಲ್ಲು ಇರುವ ಕಡೆ 18ರಿಂದ 20 ಪಿಎಸ್‌ಐಗೆ (ಗಾಳಿ ಒತ್ತಡದ ಅಳತೆ) ಇಳಿಸಿದರೆ ಟೈರ್ ಅಗಲವಾಗಿ ಕೂರುತ್ತದೆ, ನಿಧಾನಕ್ಕೆ ಹತ್ತುತ್ತದೆ. ಮಂಡಲ್‌ಪಟ್ಟಿ ಥರದ ಕಲ್ಲಿನ ದಾರಿಯಲ್ಲಿ ಬೆನ್ನಿಗೂ ಒಳ್ಳೆಯದು. ಆದರೆ ಟಾರ್ ರೋಡಿಗೆ ಬಂದ ಕೂಡಲೇ ವಾಪಸ್ ತುಂಬಿಸಬೇಕು. ಕಡಿಮೆ ಗಾಳಿಯಲ್ಲಿ ಜೋರಾಗಿ ಓಡಿಸಿದರೆ ಟೈರ್ ಒಳಗೇ ಬಿಸಿಯಾಗಿ ಹಾಳಾಗುತ್ತದೆ. ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಪಂಪ್ ಒಂದು ಗಾಡಿಯಲ್ಲಿ ಇರಲಿ.

ಮಳೆಗಾಲದಲ್ಲಿ ರೋಡಿನ ಅಂಚನ್ನು ನಂಬಬೇಡಿ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಜಾರಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾಜಿ ಎಎಸ್‌ಸಿ ಡ್ರೈವರ್, ವಿರಾಜಪೇಟೆ:

ಮಳೆ ವಿಷಯ ಮಾದಾಪುರದವರು ಹೇಳಿ ಆಯಿತು. ನಾನು ಹಿಮದ್ದು ಮಾತ್ರ ಹೇಳುತ್ತೇನೆ. ಸೈನ್ಯದಲ್ಲಿದ್ದಾಗ ಲಡಾಖ್ ಕಡೆ ಲಾರಿ ಓಡಿಸಿದವನು.

ಮಗಳೇ, ಟೈರಿನ ಪಕ್ಕದಲ್ಲಿ ಎಂ+ಎಸ್ ಅಂತ ಬರೆದಿರುವುದನ್ನು ನೋಡಿ ಹಿಮಕ್ಕೆ ಆಗುತ್ತದೆ ಅಂದುಕೊಳ್ಳಬೇಡ. ಮಡ್ ಮತ್ತು ಸ್ನೋ ಅಂತ ಅರ್ಥ ಇದ್ದರೂ ಅದಕ್ಕೆ ಪರೀಕ್ಷೆ ಇಲ್ಲ. ಬಟನಿನ ಆಕಾರ ನೋಡಿ ಕಂಪನಿಯವರೇ ಹಾಕಿಕೊಳ್ಳುವ ಗುರುತು. ನೀನು ಹುಡುಕಬೇಕಾದದ್ದು ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಚಿತ್ರ. ಅದು 1999ರಲ್ಲಿ ಅಮೆರಿಕ, ಕೆನಡಾದಲ್ಲಿ ಬಂದದ್ದು. ಹಿಮದ ಮೇಲೆ ಎಳೆತದ ಪರೀಕ್ಷೆ ಪಾಸಾದ ಟೈರಿಗೆ ಮಾತ್ರ ಹಾಕುತ್ತಾರೆ. ಯೊಕೊಹಾಮಾದ ಜಿಯೋಲ್ಯಾಂಡರ್ ಜಿ015, ಬಿಎಫ್ ಗುಡ್ರಿಚ್‌ನ ಕೆಓ2 ಇಂಥವಕ್ಕೆ ಆ ಗುರುತು ಇದೆ. ಆದರೂ ಸೈಜಿನಿಂದ ಸೈಜಿಗೆ ಬದಲಾಗಬಹುದು. ಅಂಗಡಿಯವರ ಮಾತು ಬೇಡ, ಟೈರಿನ ಮೇಲೆ ಕಣ್ಣಾರೆ ನೋಡು.

ಆ ಪರೀಕ್ಷೆಯಲ್ಲಿ ಎಳೆತ ನೋಡುತ್ತಾರೆ, ಬ್ರೇಕ್ ಅಲ್ಲ. ಗಟ್ಟಿ ಮಂಜುಗಡ್ಡೆಯೂ ಅಲ್ಲ. ಸ್ಪಿತಿಯಲ್ಲಿ ನಿನ್ನನ್ನು ಹೆದರಿಸುವುದು ಬಿಳಿ ಹಿಮ ಅಲ್ಲ. ಮಧ್ಯಾಹ್ನ ಕರಗಿ ರೋಡಿಗೆ ಹರಿದ ನೀರು ರಾತ್ರಿ ಗಾಜಿನ ಪದರವಾಗಿ ಕಟ್ಟುತ್ತದೆ, ಟಾರಿನ ಬಣ್ಣವೇ ಕಾಣುತ್ತದೆ. ಬ್ಲ್ಯಾಕ್ ಐಸ್ ಅನ್ನುತ್ತಾರೆ. ಅದರ ಮೇಲೆ ಎಟಿಯೂ ಒಂದೇ, ಬೋಳು ಟೈರೂ ಒಂದೇ. ಅಲ್ಲಿ ಬೇಕಾಗುವುದು ಟೈರಿಗೆ ಸುತ್ತುವ ಚೈನು. ನಾವು ನಾನ್ ಸ್ಕಿಡ್ ಚೈನ್ ಅನ್ನುತ್ತಿದ್ದೆವು. ನಾಲ್ಕೂ ಚಕ್ರಕ್ಕೆ ಇದ್ದರೆ ಒಳ್ಳೆಯದು. ಒಂದೇ ಜೋಡಿ ಇದ್ದರೆ ಯಾವ ಚಕ್ರಕ್ಕೆ ಅಂತ ಗಾಡಿಯ ಪುಸ್ತಕದಲ್ಲಿ ನೋಡಿಕೋ. ಚೈನ್ ಹಾಕಿದ ಮೇಲೆ 30, 40ರ ಮೇಲೆ ಹೋಗಬಾರದು. ಹಿಮ ಮುಗಿದು ಬರೀ ರೋಡು ಬಂದರೆ ತೆಗೆಯಬೇಕು.

215 ಬೇಡ ಅನ್ನುವುದಕ್ಕೆ ನನ್ನ ಕಾರಣ ಇದೇ. ಚೈನ್ ಟೈರ್ ಸೈಜಿಗೆ ತಕ್ಕಂತೆ ಬರುತ್ತದೆ. ದಪ್ಪ ಟೈರಿನ ಮೇಲೆ ಚೈನ್ ಹಾಕಿ ಸ್ಟೇರಿಂಗ್ ತಿರುಗಿಸಿದರೆ ಒಳಗಡೆ ತಾಗುವ ಸಾಧ್ಯತೆ ಜಾಸ್ತಿ. ಚೈನ್ ಹಾಕುವುದನ್ನು ಮನೆ ಅಂಗಳದಲ್ಲೇ, ಗ್ಲೌಸ್ ಹಾಕಿಕೊಂಡು, ಕತ್ತಲಲ್ಲಿ ಅಭ್ಯಾಸ ಮಾಡು. ಅಲ್ಲಿ ಬೆರಳು ಮಡಚುವುದಕ್ಕೂ ಆಗುವುದಿಲ್ಲ.

ಗಾಳಿ ವಿಷಯ. ಎತ್ತರಕ್ಕೆ ಹೋದರೆ ಟೈರ್ ಉಬ್ಬುತ್ತದೆ, ಗಾಳಿ ತೆಗೆಯಿರಿ ಅಂತ ದಾರಿಯಲ್ಲಿ ಯಾರಾದರೂ ಹೇಳುತ್ತಾರೆ. ಎತ್ತರಕ್ಕೆ ಹೋದರೆ ಗೇಜ್ ಏರುವುದು ನಿಜ. ಚಳಿಗೆ ಇಳಿಯುವುದೂ ನಿಜ, ಸುಮಾರು 5, 6 ಡಿಗ್ರಿಗೆ 1 ಪಿಎಸ್‌ಐ. ಮಡಿಕೇರಿಯಲ್ಲಿ 25 ಡಿಗ್ರಿಯಲ್ಲಿ 30 ತುಂಬಿಸಿದ್ದು, ಸುಮಾರು 3,800 ಮೀಟರ್ ಎತ್ತರದ ಸ್ಪಿತಿಯ ಊರು ಕಾಜಾದಲ್ಲಿ ಮೈನಸ್ 15ರಲ್ಲಿ 28ರ ಆಸುಪಾಸು ತೋರಿಸುತ್ತದೆ. ಏರಿದ್ದನ್ನು ಇಳಿದದ್ದು ತಿಂದುಹಾಕುತ್ತದೆ. ಹಾಗಾಗಿ ಮಧ್ಯಾಹ್ನ ಬಿಸಿ ಟೈರ್ ನೋಡಿ ಗಾಳಿ ಬಿಡಬೇಡ. ಬೆಳಿಗ್ಗೆ ಹೊರಡುವ ಮೊದಲು ನೋಡು.

ಫೆಬ್ರವರಿಯಲ್ಲಿ ಮನಾಲಿ ಕಡೆಯ ಕುಂಜುಮ್ ಪಾಸ್ ದಾರಿ ಮುಚ್ಚಿರುತ್ತದೆ. ಕಿನ್ನೌರ್ ಮೇಲೆ ಹೋಗಿ ಅದೇ ದಾರಿಯಲ್ಲಿ ಬರಬೇಕು. ಒಂದೆರಡು ದಿನ ಹೆಚ್ಚಿಗೆ ರಜೆ ಇಟ್ಟುಕೋ. ಅಲ್ಲಿನ ಡ್ರೈವರುಗಳು ಇವತ್ತು ಬೇಡ ಅಂದರೆ ಬೇಡ.

ಥಾರ್ ಹುಡುಗ, ಗೋಣಿಕೊಪ್ಪ:

ಸರ್ ಹೇಳಿದ ಮೇಲೆ ಹಿಮದ ವಿಷಯದಲ್ಲಿ ನನ್ನದೇನೂ ಇಲ್ಲ. ಆದರೆ ಕೆಸರಿಗೆ ಎಂಟಿನೇ. ಅದು ಮಾತ್ರ ಬಿಟ್ಟುಕೊಡಲ್ಲ 😀

ನಾಪೋಕ್ಲು ಜಿಮ್ನಿ:

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ಜಲ್ಲಿ ವಿಷಯ ಕೇಳಿ, ಇದನ್ನೇ ನಾನು ನಾಲ್ಕು ಮಳೆಗಾಲದಿಂದ ಹೇಳುತ್ತಿರುವುದು ಅಂದರು. ನನಗೆ ಹೇಳಿದ ನೆನಪಿಲ್ಲ. ಇರಲಿ, ಚರಂಡಿ ಕೆಲಸಕ್ಕೆ ಈ ವಾರವೇ ಜನ ಬರುತ್ತಾರೆ.

195/80ರಲ್ಲೇ ಸೌಮ್ಯ ಎಟಿ, ಬೆಟ್ಟದ ಗುರುತು ಇರುವುದು, ಜೊತೆಗೆ ಚೈನು. ಇಷ್ಟಕ್ಕೆ ಮನಸ್ಸು ಮಾಡಿದೆ. ಎರಡು ಅನುಮಾನ ಉಳಿದಿದೆ. ಈಗಲೇ ಹಾಕಿಸಿದರೆ ಫೆಬ್ರವರಿ ಹೊತ್ತಿಗೆ ಸವೆದುಹೋಗುವುದಿಲ್ಲವಾ? ಮತ್ತೆ ಈಗಿನ ಟೈರಲ್ಲಿ ಸ್ವಲ್ಪ ಬಟನ್ ಇದೆ, ಮಳೆಗಾಲ ಅದರಲ್ಲೇ ಕಳೆಯಬಹುದಾ?

ಟೈರ್ ಅಂಗಡಿ, ಕುಶಾಲನಗರ:

ಎರಡನೆಯದಕ್ಕೆ ಮೊದಲು ಉತ್ತರ. ಕಳೆಯಬೇಡಿ. ಬಟನ್ ಆಳಕ್ಕೆ ಕಾನೂನಿನ ಲೆಕ್ಕ ಕನಿಷ್ಠ 1.6 ಮಿ.ಮೀ., ಆದರೆ 3 ಮಿ.ಮೀ.ಗಿಂತ ಕಡಿಮೆ ಆದರೆ ನಿಂತ ನೀರನ್ನು ಟೈರ್ ಹೊರಗೆ ತಳ್ಳುವುದಿಲ್ಲ, ಅದರ ಮೇಲೆ ತೇಲುತ್ತದೆ. ನಮ್ಮ ಮಳೆಗೆ ನಾನು 3ಕ್ಕೇ ಬದಲಾಯಿಸಿ ಅನ್ನುವವನು.

ಎಟಿಯಲ್ಲಿ ಹೊಸದರಲ್ಲಿ ಬಟನ್ ಆಳ ಜಾಸ್ತಿ ಇರುತ್ತದೆ. ನಿಮ್ಮ ಓಡಾಟಕ್ಕೆ ಫೆಬ್ರವರಿಯಲ್ಲೂ ಬೇಕಾದಷ್ಟು ಉಳಿದಿರುತ್ತದೆ. ಸ್ಟೆಪ್ನಿನೂ ಸೇರಿಸಿ ಐದೂ ಒಂದೇ ಹಾಕಿಸಿ. 8,000ದಿಂದ 10,000 ಕಿ.ಮೀ.ಗೆ ಒಮ್ಮೆ ಸ್ಟೆಪ್ನಿ ಸಮೇತ ಸುತ್ತು ಬದಲಾಯಿಸುತ್ತಿದ್ದರೆ ಎಲ್ಲವೂ ಸಮಾನವಾಗಿ ಸವೆಯುತ್ತವೆ. ಫೋರ್ ವೀಲ್ ಗಾಡಿಗೆ ಒಂದು ಹೊಸದು, ಒಂದು ಹಳೇದು ಅಂತ ಹಾಕುವುದು ಒಳ್ಳೆಯದಲ್ಲ. ಇನ್ನೊಂದು, ಆ ಸೈಜು ಈ ಗುರುತಿನ ಜೊತೆ ಅಂಗಡಿಯಲ್ಲಿ ಸಿದ್ಧ ಇರುವುದು ಕಷ್ಟ. 2020ರ ಜೂನ್‌ನಿಂದ ಟೈರ್ ಆಮದಿಗೆ ಸರ್ಕಾರದ ನಿರ್ಬಂಧ ಇರುವುದರಿಂದ ಹೊರಗಿನದಕ್ಕೆ ಕಾಯಬೇಕಾಗಬಹುದು. ಈಗಲೇ ಆರ್ಡರ್ ಕೊಡಿ.

ಹಾಕಿಸಿದ ಮೇಲೆ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿ. 100 ಕಿ.ಮೀ. ಓಡಿದ ಮೇಲೆ ನಟ್ಟು ಇನ್ನೊಮ್ಮೆ ಬಿಗಿ ನೋಡಿಸಿ, ಎಲ್ಲಿ ಹಾಕಿಸಿದರೂ ಸರಿ. ನಿಮ್ಮ ಹಳೇ ಸ್ಟೆಪ್ನಿ ಓಡಿರದಿದ್ದರೆ ಅದನ್ನು ಬೇರೆ ನಾಲ್ಕರ ಜೊತೆ ಗುಜರಿಗೆ ಹಾಕಬೇಡಿ, ಅದಕ್ಕೆ ಬೆಲೆ ಇದೆ. ನಮ್ಮ ಕಡೆ ಬರುವುದಾದರೆ ಸಂತೆ ದಿನ ಬಿಟ್ಟು ಬನ್ನಿ. ಅವತ್ತು ಗಾಡಿ ನಿಲ್ಲಿಸುವುದಕ್ಕೆ ಜಾಗ ಇರುವುದಿಲ್ಲ.