ಅಪ್‌ಡೇಟ್: ಅಕ್ವಾಪೋನಿಕ್ಸ್ ಪಾಲಕ್‌ನ ಹಳದಿ ಚಿಗುರು

ಅಕ್ವಾಪೋನಿಕ್ಸ್‌ನಲ್ಲಿ, ಅಂದ್ರೆ ಮೀನು ಸಾಕೋ ನೀರಲ್ಲೇ ಬೆಳೆಸೋ ಪಾಲಕ್‌ನ ಹೊಸ ಎಲೆ ಹಳದಿ, ನರ ಮಾತ್ರ ಹಸಿರು, ನೀರು 1000 ಲೀಟರ್, ಪಿಎಚ್ 7.8 ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ಅದು ಕಬ್ಬಿಣದ ಕೊರತೆಯೇ. ಸಾರಜನಕ ಕಡಿಮೆಯಾಗಿದ್ದರೆ ಮೊದಲು ಹಳೆ ಎಲೆ ಪೂರ್ತಿ ಹಳದಿಯಾಗುತ್ತಿತ್ತು. ಕಬ್ಬಿಣ ಗಿಡದೊಳಗೆ ಸುಲಭವಾಗಿ ಚಲಿಸಲ್ಲ, ಹಾಗಾಗಿ ಪೆಟ್ಟು ಬೀಳೋದು ಚಿಗುರಿಗೆ.

ಮೀನಿನ ಆಹಾರದಲ್ಲಿ ಕಬ್ಬಿಣ ಕಡಿಮೆ. ಇಷ್ಟು ಪಿಎಚ್‌ನಲ್ಲಿ ಇರೋದೂ ತಳ ಸೇರುತ್ತೆ. ಹಾಗಾಗಿ ಕಬ್ಬಿಣವನ್ನು ನೀರಲ್ಲಿ ಕರಗಿದಂತೆ ಹಿಡಿದಿಡೋ ಚೀಲೇಟ್ ರೂಪದಲ್ಲಿ ಕೊಡಬೇಕು. ಅಗ್ಗದ ಇಡಿಟಿಎ ಚೀಲೇಟ್ ಇಲ್ಲಿ ದಂಡ, ಪಿಎಚ್ 6.5 ದಾಟಿದರೆ ನಿಲ್ಲಲ್ಲ. ಡಿಟಿಪಿಎ ಸುಮಾರು 7.5ರವರೆಗೆ ಸರಿ. ಅದಕ್ಕೇ ಇನ್ನೂ ಹೆಚ್ಚಿನ ಪಿಎಚ್‌ನಲ್ಲೂ ನಿಲ್ಲೋ, ಶೇ. 6ರಷ್ಟು ಕಬ್ಬಿಣ ಇರೋ ಇಡಿಡಿಎಚ್‌ಎ ಆರಿಸಿದ್ದು. ಲೀಟರಿಗೆ 2 ಮಿಲಿಗ್ರಾಂ ಕಬ್ಬಿಣಕ್ಕೆ ಸುಮಾರು 33 ಗ್ರಾಂ ಪುಡಿ ಬೇಕು. ಬಕೆಟ್ ನೀರಲ್ಲಿ ಕರಗಿಸಿ ಸಂಪ್‌ಗೆ (ನೀರು ಬಂದು ಸೇರೋ ತಳದ ತೊಟ್ಟಿಗೆ) ನಿಧಾನವಾಗಿ ಸುರಿಯಬೇಕು. ನೀರು ಕೆಂಪಾಗುತ್ತೆ, ಮೀನಿಗೆ ತೊಂದರೆಯಿಲ್ಲ.

ಈಗ ಬರ್ತಿರೋ ಎಲೆಗಳು ಅಚ್ಚ ಹಸಿರು. ಮೊದಲೇ ಹಳದಿಯಾದವು ಪೂರ್ತಿ ಹಸಿರಿಗೆ ತಿರುಗಲ್ಲ, ಅವನ್ನು ನೋಡಿ ಡೋಸ್ ಹೆಚ್ಚಿಸಬೇಡಿ.

ಪಿಎಚ್ ಏರಲು ಮೂಲ ಕಾರಣ ಗಡಸು ಬೋರ್‌ವೆಲ್ ನೀರು. ಕಡಿಮೆಯಾದಾಗ ತುಂಬಿಸೋ ಟಾಪ್‌ಅಪ್ ನೀರಿಗೆ ಬೇರೆ ಡ್ರಮ್ಮಿನಲ್ಲಿ, ಪಿಎಚ್ ಇಳಿಸಲು ಫಾಸ್ಫಾರಿಕ್ ಆಮ್ಲ ಹಾಕಿ, ರಾತ್ರಿಯಿಡೀ ಗಾಳಿ ಬಿಟ್ಟು, ಪಿಎಚ್ ಮತ್ತೆ ಏರಿದೆಯಾ ನೋಡಿಯೇ ಸೇರಿಸಬೇಕು. ಮೀನಿನ ಟ್ಯಾಂಕಿಗೆ ನೇರವಾಗಿ ಆಮ್ಲ ಬೇಡವೇ ಬೇಡ.