ವಿಶೂನ ರೆಗ್ಯುಲೇಟರ್ ಪುರಾಣ

"ಅಲ್ವೋ, ಕಂಪ್ಯೂಟರ್ ತಣ್ಣಗಿರೋಕೆ ಅಂತ ನೀರು ಹಾಕಿದ್ಮೇಲೂ ಫ್ಯಾನ್ ಯಾಕೋ?" ಅಂತ ಪದ್ದಕ್ಕ ಕೇಳಿದ್ದೇ ತಪ್ಪಾಯ್ತು. ವಿಶು ಅವರೆಕಾಳು ಹಿದುಕೋದು ನಿಲ್ಸಿ ಕೈ ಒರೆಸ್ಕೊಂಡ. ಅವನು ಕೈ ಒರೆಸ್ಕೊಂಡ ಅಂದ್ರೆ ಇನ್ನು ಮುಕ್ಕಾಲು ಗಂಟೆ ಕಾಳು ನಮ್ಮ ಪಾಲಿಗೆ ಅಂತಲೇ ಲೆಕ್ಕ.

"ನೀರು ಶಾಖಾನ ಹೊತ್ಕೊಂಡು ಹೋಗುತ್ತೆ ಅಷ್ಟೇ ಪದ್ದಕ್ಕ. ಸಿಪಿಯು, ಅಂದ್ರೆ ಲೆಕ್ಕ ಮಾಡೋ ಚಿಪ್ಪು, ಅದ್ರ ಹತ್ರ ಬಿಸಿಯಾಗಿ ಪೈಪಲ್ಲಿ ರೇಡಿಯೇಟರ್‌ಗೆ ಬರುತ್ತೆ, ಅಲ್ಲಿಂದ ಆ ಬಿಸೀನ ಆಚೆಗೆ ಹಾಕೋಕೆ ಫ್ಯಾನ್ ಬೇಕೇ ಬೇಕು. ನಂದು 360 ಎಂಎಂದು ಎರಡು ರೇಡಿಯೇಟರ್, ಒಂದೊಂದಕ್ಕೆ 120ರದ್ದು ಮೂರ್ಮೂರು, ಒಟ್ಟು ಆರು ಫ್ಯಾನು, ಜೊತೆಗೊಂದು ಪಂಪು."

"ಓಹೋ. ಒಂದು ಫ್ಯಾನ್ ಸದ್ದು ಮಾಡುತ್ತೆ ಅಂತ ನೀರು ಹಾಕ್ಸಿದೆ, ಈಗ ಆರು ಫ್ಯಾನ್ ಸದ್ದು ಮಾಡ್ತವೆ ಅಂತ ರೆಗ್ಯುಲೇಟರ್ ಹುಡುಕ್ತಿದೀಯ."

"ರೆಗ್ಯುಲೇಟರ್ ಅಲ್ಲ, ಫ್ಯಾನ್ ಕಂಟ್ರೋಲರ್."

"ಸ್ಪೀಡು ಜಾಸ್ತಿ ಕಮ್ಮಿ ಮಾಡುತ್ತಾ?"

"ಮಾಡುತ್ತೆ..."

"ರೆಗ್ಯುಲೇಟರ್."

ವಿಶು ಬಿಡೋನಲ್ಲ, ಆರು ಫ್ಯಾನ್ 600 ಆರ್‌ಪಿಎಂನಲ್ಲಿ ಮೆಲ್ಲಗೆ ತಿರುಗಿದ್ರೆ ಒಂದೇ ಫ್ಯಾನ್ 2000ದಲ್ಲಿ ಕಿರುಚೋದಕ್ಕಿಂತ ಸದ್ದು ಕಮ್ಮಿ ಅಂತ ಶುರು ಮಾಡ್ದ. ಮೆಲ್ಲಗೆ ಮಾತಾಡೋ ಆರು ಜನ ಒಂದೇ ಮನೇಲಿರೋದನ್ನ ನಾನಂತೂ ನೋಡಿಲ್ಲಪ್ಪ ಅಂದ್ಳು ಪದ್ದಕ್ಕ.

ಗೋಪಿ ಮಧ್ಯೆ ಬಾಯಿ ಹಾಕ್ದ. "ಮದರ್‌ಬೋರ್ಡಲ್ಲೇ ಫ್ಯಾನ್ ಸಿಗಿಸೋಕೆ ಜಾಗ ಇರುತ್ತಲ್ಲ, ಇನ್ನೊಂದು ಡಬ್ಬ ಯಾಕೆ?"

"ಆ ಜಾಗಕ್ಕೆ ಹೆಡರ್ ಅಂತಾರೆ, ಒಂದೊಂದು ಸಾಮಾನ್ಯವಾಗಿ 1 ಆಂಪ್ ತಡೆಯುತ್ತೆ ಅಷ್ಟೇ, ಅಂದ್ರೆ 12 ವೋಲ್ಟಲ್ಲಿ 12 ವ್ಯಾಟ್. ಸ್ಪ್ಲಿಟರ್ ಹಾಕಿ ದೊಡ್ಡ ದೊಡ್ಡ ಫ್ಯಾನ್ ಆರೂ ಅದಕ್ಕೇ ನೇತುಹಾಕಿದ್ರೆ ಬೋರ್ಡ್ ಶಿವಾಯ ನಮಃ. ಕಂಟ್ರೋಲರ್ ಆದ್ರೆ ನೇರ ಪವರ್ ಸಪ್ಲೈಯಿಂದಲೇ ಕರೆಂಟ್ ಎಳ್ಕೊಳ್ಳುತ್ತೆ. ಇನ್ನು ಸ್ಪೀಡ್ ಕಮ್ಮಿ ಮಾಡೋಕೆ, ಮೂರು ಪಿನ್ನಿನ ಫ್ಯಾನಾದ್ರೆ ವೋಲ್ಟೇಜ್ ಇಳಿಸ್ಬೇಕು, ತೀರಾ ಇಳಿಸಿದ್ರೆ ನಿಂತೇಹೋಗುತ್ತೆ. ನಾಲ್ಕು ಪಿನ್ನಿಂದಾದ್ರೆ ಪಿಡಬ್ಲ್ಯುಎಂ, 12 ವೋಲ್ಟ್ ಹಾಗೇ ಇರುತ್ತೆ, ನಾಲ್ಕನೇ ವೈರಲ್ಲಿ ಸೆಕೆಂಡಿಗೆ 25 ಸಾವಿರ ಸಲ ಆನ್ ಆಫ್ ಆನ್ ಆಫ್ ಅಂತ ಸಿಗ್ನಲ್ ಹೋಗ್ತಿರುತ್ತೆ..."

"ನಮ್ಮೂರಲ್ಲಿ ಕರೆಂಟ್ ಬರ್ತಿದ್ದಿದ್ದೇ ಹಾಗೆ ಕಣೋ, ಸ್ವಲ್ಪ ನಿಧಾನಕ್ಕೆ ಅಷ್ಟೇ."

ವಿಶು ಮೂರು ಶನಿವಾರದಿಂದ ಬೆಂಗಳೂರಿನ ಎಸ್.ಪಿ. ರೋಡ್ ಕಂಪ್ಯೂಟರ್ ಅಂಗಡಿಗಳನ್ನೆಲ್ಲ ಸುತ್ತಿದಾನಂತೆ. ಮೊದಲೆಲ್ಲ ಸಿಡಿ ಡ್ರೈವ್ ಕೂರೋ ಜಾಗದಲ್ಲಿ ಕೂರಿಸೋ ಕಂಟ್ರೋಲರ್ ಇತ್ತು, ಮುಂದೆ ನಾಲ್ಕು ಗುಂಡಿ, ತಿರುಗಿಸಿದ್ರೆ ಆಯ್ತು. ಈಗಿನ ಕ್ಯಾಬಿನೆಟ್ಟಲ್ಲಿ ಆ ಕಿಂಡಿಯೇ ಇಲ್ಲ, ಆ ಜಾಗಕ್ಕೆಲ್ಲ ಗಾಜು ಬಂದಿದೆ, ಒಳಗೆ ಆರು ಫ್ಯಾನಿಗೂ ದಸರಾ ಲೈಟಿಂಗು. ಈಗೆಲ್ಲ ಸಾಫ್ಟ್‌ವೇರು. ಅವನು ಕೊನೆಗೆ ತಂದ ಡಬ್ಬದ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಿದ್ರೆ ಮೊದಲು ಇಮೇಲ್ ಐಡಿ ಕೇಳ್ತಂತೆ.

"ಯಾಕೆ, ಗಾಳೀನ ಮೇಲ್‌ನಲ್ಲಿ ಕಳಿಸ್ತಾರಾ?" ಅಂದ್ಳು ಪದ್ದಕ್ಕ. "ಓಟಿಪಿ ಬರೋವರ್ಗೂ ಬೆವರ್ತಾ ಕೂತಿರ್ಬೇಕಾ?"

"ಅದೂ ಸಹಿಸ್ಕೊಂಡೆ," ಅಂದ ವಿಶು, ಪಾಪ ಈಗ ನಿಜವಾಗ್ಲೂ ಮುಖ ಸಣ್ಣಗಾಗಿತ್ತು, "ಬ್ರೌಸರ್ ತೆಗೆದ್ರೆ ಸಾಕು, ಬುಸ್ ಅಂತ ಆರೂ ಒಟ್ಟಿಗೆ ಏಳ್ತವೆ, ನಾಲ್ಕು ಸೆಕೆಂಡು, ಸುಮ್ನಾಗ್ತವೆ, ಮತ್ತೆ ಬುಸ್. ಎಷ್ಟು ಬಿಸಿಗೆ ಎಷ್ಟು ಸ್ಪೀಡು ಅನ್ನೋ ಕರ್ವ್ ಎಷ್ಟು ತಿದ್ದಿದ್ರೂ ಅಷ್ಟೇ."

"ಯಾವುದರ ಬಿಸಿ ನೋಡ್ಕೊಂಡು ಎದ್ದೇಳ್ತವೆ ಅವು?"

"ಸಿಪಿಯುದು."

"ಒಗ್ಗರಣೆ ಸೌಟಿನ ಬಿಸಿ ನೋಡಿ ಬಚ್ಚಲೊಲೆ ಉರಿ ಹೆಚ್ಚು ಕಮ್ಮಿ ಮಾಡೋರು ಯಾರಾದ್ರೂ ಇದಾರೇನೋ? ಸೌಟು ಕ್ಷಣದಲ್ಲಿ ಕಾಯುತ್ತೆ, ಕ್ಷಣದಲ್ಲಿ ಆರುತ್ತೆ. ಹಂಡೆ ನೀರು ಕಾಯೋಕೂ ಹೊತ್ತು ಬೇಕು, ಆರೋಕೂ ಹೊತ್ತು ಬೇಕು. ನಿನ್ ಫ್ಯಾನ್ ತಣ್ಣಗೆ ಮಾಡ್ತಿರೋದು ಹಂಡೇನ. ಹಂಡೆಗೆ ಕೈ ಅದ್ದಿ ನೋಡು."

ವಿಶು ಒಂದು ನಿಮಿಷ ಮಾತಾಡ್ಲಿಲ್ಲ. ಕೂಲಂಟ್ ಟೆಂಪರೇಚರ್ ಸೆನ್ಸರ್ ಅಂತ ಒಂದಿದೆಯಂತೆ, ಪೈಪಿಗೆ ಸಿಗಿಸಿ ನೀರಿನ ಬಿಸಿ ಅಳೆಯೋ ಚಿಕ್ಕ ತರ್ಮಿಸ್ಟರ್, ಎಲ್ಲ ಕಂಟ್ರೋಲರಲ್ಲೂ ಅದಕ್ಕೆ ಜಾಗ ಇರಲ್ಲ, ಇವನದ್ರಲ್ಲೂ ಇಲ್ಲ. ನಾಲ್ಕನೇ ಶನಿವಾರಕ್ಕೂ ಎಸ್.ಪಿ. ರೋಡ್ ಗ್ಯಾರಂಟಿ ಆಯ್ತು.

"ಅದೆಲ್ಲ ಇರ್ಲಿ, ಇಷ್ಟು ಮಾಡಿ ಅದ್ರಲ್ಲಿ ಓಡಿಸೋದೇನು?" ಅಂದ ಗೋಪಿ.

"ಸದ್ಯಕ್ಕೆ ಟೆಂಪರೇಚರ್ ತೋರ್ಸೋ ಸಾಫ್ಟ್‌ವೇರು."

ನಾವು ನಕ್ಕಿದ್ದಕ್ಕೆ ಪಕ್ಕದ ಮನೆ ನಾಯಿ ಬೊಗಳ್ತು. ಪದ್ದಕ್ಕ ಮಾತ್ರ ಕಾಳು ಹಿದುಕ್ತಾನೇ ಇದ್ಳು.

"ನಮ್ಮನೇಲಿ ಒಂದಿತ್ತು ಕಣೋ. ಗೋಡೆ ಮೇಲೆ ಕರೀ ಡಬ್ಬ, ಟಿಫಿನ್ ಕ್ಯಾರಿಯರಷ್ಟು ದಪ್ಪ. ರಾತ್ರಿ ನಾವು ಮಕ್ಕಳು ಐದಕ್ಕೆ ತಿರುಗಿಸಿ ಮಲಗೋದು, ಅಪ್ಪ ಎದ್ದು ಬಂದು ಎರಡಕ್ಕೆ ತಿರುಗ್ಸೋದು, ಕರೆಂಟ್ ಬಿಲ್ ಯಾರಪ್ಪ ಕಟ್ತಾನೆ ಅಂತ ಗೊಣಗ್ಕೊಂಡು. ಅವ್ರಪ್ಪಾನೇ ಕಟ್ತಿದ್ದಿದ್ದು, ಅದು ಬೇರೆ ಮಾತು. ಪಿಯುಸಿಗೆ ಬಂದ್ಮೇಲೆ ಗೊತ್ತಾಯ್ತು, ಅದರೊಳಗಿರೋದು ಬರೀ ರೆಸಿಸ್ಟೆನ್ಸ್ ಕಾಯಿಲ್ಲು, ಫ್ಯಾನಿಗೆ ಕೊಡದೆ ಹಿಡಿದಿಟ್ಟಿದ್ದನ್ನ ಅಲ್ಲೇ ಸುಟ್ಟು ಬಿಸಿ ಮಾಡುತ್ತೆ, ಉಳಿಯೋದು ಚೂರುಪಾರು. ಈಗಿನ ಸಣ್ಣ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಥರ ಅಲ್ಲ. ಹೇಳೇಬಿಡೋಣ ಅಂತ ರಾತ್ರಿ ಎದ್ದು ಕೂತೆ. ಅಪ್ಪ ಬಂದ್ರು, ಎರಡಕ್ಕೆ ತಿರುಗಿಸಿದ್ರು, ಡಬ್ಬದ ಮೇಲೆ ಒಂದ್ಸಲ ಕೈ ಇಟ್ಟು ನೋಡಿದ್ರು, ಆಮೇಲೆ ಪಂಚೆ ಎತ್ತಿ ಕಟ್ಕೊಂಡು ಅಷ್ಟೂ ಜನದ ಹೊದಿಕೆ ಸರಿಮಾಡಿ ಹೋದ್ರು. ನಾನು ಹೇಳ್ಲಿಲ್ಲ."

"ಆಮೇಲಾದ್ರೂ ಹೇಳಿದ್ಯಾ?"

"ಇಲ್ಲ."

"ಈಗೆಲ್ಲಿದೆ ಆ ಡಬ್ಬ?"

"ಮನೆ ಮಾರ್ದಾಗ ಗೋಡೇಲೇ ಇತ್ತಲ್ಲ."

ಯಾರೂ ಏನೂ ಹೇಳೋಕೆ ಹೋಗ್ಲಿಲ್ಲ. ವಿಶೂಗೆ ಮಾತ್ರ ಸುಮ್ನಿರೋಕೆ ಬರಲ್ಲ.

"ಏನೇ ಅನ್ನು ಪದ್ದಕ್ಕ, ಅದ್ರಲ್ಲಿ ಪಿಡಬ್ಲ್ಯುಎಂ ಇರ್ಲಿಲ್ಲ ಬಿಡು."

ಪದ್ದಕ್ಕ ಪಾತ್ರೆ ಅವನ ಮುಂದಕ್ಕೆ ತಳ್ಳಿದ್ಳು. "ಹನ್ನೊಂದು ಕಾಳು ಹಿದುಕಿದೀಯ, ಎಣಿಸ್ತಾ ಇದೀನಿ. ಸಾರು ಬೇಕಾ ಬೇಡ್ವಾ?"